ಕಾಲಪುರುಷನ ಕುಡುಗೋಲು

1987ರ ಮೇ 14, ಗುರುವಾರ. ಬೆಳಿಗ್ಗೆ 9.10ಕ್ಕೆ ಮೇಯರ್ ವೋಕ್ಲೆರ್ ನಮ್ಮ ಸಾಂ-ವೆರಾಂ ಠಾಣೆಗೆ ಏದುಸಿರು ಬಿಡುತ್ತ ಬಂದರು. ಊರಿನ ಮದುವೆಗಳೆಲ್ಲ ನಡೆಯುವ ಪುರಸಭೆಯ ಕೋಣೆಯಲ್ಲಿ ಇನ್ನೂರು ವರ್ಷದ ಹಳೆಯ, ಚಿನ್ನದ ಲೇಪದ ಗಡಿಯಾರವಿದೆ. ಅದರ ಮೇಲೆ ಕೂತಿರುವ ರೆಕ್ಕೆಯ ಮುದುಕನ ಬೊಂಬೆಯ, ಅಂದರೆ ಕಾಲಪುರುಷನ, ಕೈಯಲ್ಲಿದ್ದ ಕುಡುಗೋಲು ಕಳುವಾಗಿತ್ತು.

"ಗಡಿಯಾರ?" ಇನ್‌ಸ್ಪೆಕ್ಟರ್ ಬ್ರಿಸೋ ಕೇಳಿದರು.

"ಅದಿದೆ ಕಣ್ರೀ. ಕುಡುಗೋಲಷ್ಟೇ ಹೋಗಿದೆ. ಶನಿವಾರ ಹನ್ನೊಂದಕ್ಕೆ ಮದುವೆ ಬೇರೆ ಇದೆ!"

"ಮದುವೆಗೆ ಕುಡುಗೋಲು ಯಾಕೆ ಸಾರ್?" ಎಂದ ಕಾನ್‌ಸ್ಟೇಬಲ್ ಮಯ್ಯಾರ್.

ಮೇಯರ್ ದುರುಗುಟ್ಟಿದರು. ಎಫ್‌ಐಆರ್ ದಾಖಲಾಯಿತು.

10.00ಕ್ಕೆ ಪಂಚನಾಮೆ. ಕಾಲಪುರುಷ ಬಸ್ಸು ತಪ್ಪಿದವನ ಹಾಗೆ ಬರಿಗೈಯಲ್ಲಿ ಕೂತಿದ್ದ. ಪಕ್ಕದಲ್ಲಿ ಪುಟ್ಟ ಮನ್ಮಥ ಅವನ ಗಡ್ಡ ಹಿಡಿದು ಜಗ್ಗುತ್ತಿದ್ದ. ಪ್ರೀತಿ ಕಾಲವನ್ನೂ ತಡೆದು ನಿಲ್ಲಿಸುತ್ತದೆ ಎಂದು ಅದರ ಅರ್ಥವಂತೆ. ಕುಡುಗೋಲನ್ನು ಯಾರೂ ಮುರಿದಿರಲಿಲ್ಲ. ತಿರುಪು ಬಿಚ್ಚಿ ತೆಗೆದು, ತಿರುಪನ್ನು ನೀಟಾಗಿ ಮತ್ತೆ ಕೂರಿಸಿದ್ದರು. ಗಾಜಿನ ಮುಚ್ಚಳದ ಮೇಲೆ ಜೇನಿನ ಅಂಟು ಸಿಕ್ಕಿತು.

ಊರಲ್ಲಿ ಜೇನು ಸಾಕುವವನು ಒಬ್ಬನೇ, ಎಪ್ಪತ್ತೊಂಬತ್ತರ ಆಕ್ತಾವ್. ಶನಿವಾರದ ಮದುಮಗನೂ ಅವನೇ. ಮದುಮಗಳು ಎರ್ಮಾನ್ಸ್‌ಗೆ ಎಪ್ಪತ್ತನಾಲ್ಕು, ಇದು ನಾಲ್ಕನೇ ಮದುವೆ. ಹಿಂದಿನ ಮೂವರು ಗಂಡಂದಿರೂ ತೀರಿಹೋಗಿದ್ದರು.

ಶುಕ್ರವಾರ ಮಧ್ಯಾಹ್ನ 3.00ಕ್ಕೆ ವಿಚಾರಣೆ.

"ನಾನೇ ಕದ್ದಿದ್ದು. ಬೇಡಿ ಹಾಕಿ," ಎಂದ ಆಕ್ತಾವ್.

"ಹೇಗೆ ತೆಗೆದ್ರಿ?"

"ಗರಗಸದಲ್ಲಿ ಕೊಯ್ದೆ."

"ಕೊಯ್ದ ಗುರುತೇ ಇಲ್ವಲ್ಲ ಅಜ್ಜ."

"ಅಷ್ಟು ಚೆನ್ನಾಗಿ ಕೊಯ್ದಿದೀನಿ."

ಮಯ್ಯಾರ್ ನಗು ತಡೆಯಲಾಗದೆ ಹೊರಗೆ ಹೋದ.

"ನಿಮಗೆ ಸುಳ್ಳು ಹೇಳೋಕೆ ಬರಲ್ಲ ಬಿಡಿ," ಎಂದರು ಬ್ರಿಸೋ. "ನಿಮ್ಮ ಜೇನು ಇನ್ಯಾರು ತಿಂತಾರೆ?"

ಮುದುಕನ ಕಿವಿ ಕೆಂಪಾಯಿತು.

ಶನಿವಾರ 10.20ಕ್ಕೆ ಎರ್ಮಾನ್ಸ್ ಮದುವೆಯ ಉಡುಪಿನಲ್ಲೇ ಬಾಗಿಲು ತೆರೆದಳು.

"ಟೋಪಿ ಚೆನ್ನಾಗಿದೆ ಮೇಡಂ," ಎಂದರು ಬ್ರಿಸೋ.

"ಹೊಸದು."

"ಪಿನ್ನು ಮಾತ್ರ ಹಳೇದು ಅನ್ಸುತ್ತೆ."

ಟೋಪಿಗೆ ಚುಚ್ಚಿದ್ದ ಬೆರಳುದ್ದದ ಕುಡುಗೋಲನ್ನು ಮುಟ್ಟಿಕೊಂಡು ಅವಳು ಕುರ್ಚಿ ಎಳೆದು ಕೂತಳು. 10.25ಕ್ಕೆ ಬಂಧನ.

"ಮೂರು ಸಲ ಆ ಗಡಿಯಾರದ ಕೆಳಗೆ ಕೂತಿದೀನಿ ಸಾಹೇಬ್ರೆ. ಮೂರು ಸಲಾನೂ ಆ ಹಾಳು ಮುದುಕ ನನ್ನ ಗಂಡನ ತಲೆ ಮೇಲೇ ಕುಡುಗೋಲು ಹಿಡ್ಕೊಂಡಿದ್ದ. ಮೂವರನ್ನೂ ಮಣ್ಣು ಮಾಡ್ದೆ. ಆಕ್ತಾವ್‌ನ ಮಾತ್ರ ಕೊಡಲ್ಲ."

"ಮನ್ಮಥ ಗಡ್ಡ ಹಿಡಿದು ತಡೀತಿದಾನಲ್ಲ ಮೇಡಂ?"

"ಆಗ್ಲೂ ಹಿಡ್ಕೊಂಡೇ ಇದ್ದ! ಅವನನ್ನ ನಂಬಿಯೇ ಕೆಟ್ಟಿದ್ದು."

ಬ್ರಿಸೋ ಹೇಳಿಕೆ ಬರೆದುಕೊಂಡರು. ಭಯವೇ ಕಳ್ಳತನಕ್ಕೆ ಕಾರಣ ಎಂದು ಮೊದಲು ಬರೆದು, ಹೊಡೆದುಹಾಕಿ, ಪ್ರೀತಿ ಎಂದು ತಿದ್ದಿದರು. 10.50ಕ್ಕೆ ಬಿಡುಗಡೆ. 11.00ಕ್ಕೆ ಮದುವೆ ನಡೆಯಿತು.

ಸೋಮವಾರ ಮೇಯರ್ ಕುಡುಗೋಲು ಕೇಳಲು ಬಂದರು. ಜಪ್ತಿ ಮಾಡಿದ ವಸ್ತು ತನಿಖೆ ಮುಗಿಯುವವರೆಗೂ ಠಾಣೆಯ ಬೀರುವಿನಲ್ಲೇ ಇರಬೇಕು ಎಂದು ಬ್ರಿಸೋ ನಿಯಮ ತೋರಿಸಿದರು.

ಆರು ವರ್ಷವಾಯಿತು. ಪ್ರತಿ ಮೇ ತಿಂಗಳಲ್ಲಿ ಆಕ್ತಾವ್ ಒಂದು ಸೀಸೆ ಜೇನು ಹಿಡಿದು ಠಾಣೆಗೆ ಬರುತ್ತಾನೆ.

"ತನಿಖೆ ಎಲ್ಲಿಗೆ ಬಂತು ಸಾಹೇಬ್ರೆ?"

"ನಡೀತಾ ಇದೆ ಅಜ್ಜ. ಅವಸರ ಏನಿಲ್ಲ."