ಅರ್ಧ ನೊರೆ ಹಚ್ಚಿದ ಮೀಸೆ

ನಿಮ್ಮಾಣೆಗೂ ನಡೆದದ್ದು ಇದು! ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದೋಗ್ಲಿ.

ಆ ಬಸ್ ಡ್ರೈವರ್ ಮೀಸೆ ಎಂಥದ್ದು ಅಂತೀರಿ? ತಿರುವಲ್ಲಿ ಮೊದಲು ಮೀಸೆ ತಿರುಗ್ತಿತ್ತು, ಆಮೇಲೆ ಬಸ್ಸು! ಅಂಥವನು ಅವತ್ತು ಕಟಿಂಗ್ ಶಾಪಿನ ಹುಡುಗಿ ಮುಂದೆ ಕುರ್ಚಿಲಿ ಕೂತು ಅಂದ,

"ಮೀಸೆ ತೆಗೀರಿ."

ಅವಳ ಎದೆ ಧಸಕ್ಕಂತು. 'ಈ ಪೊರಕೇನ ಯಾರು ಕಟ್ಕೋತಾರೆ' ಅಂತ ದಿನಾ ರೇಗಿಸ್ತಿದ್ದೋಳು ಅವಳೇ.

ನೊರೆ ಹಚ್ಚಿದಳು. ಅರ್ಧ ಆಗಿತ್ತು, ಅಷ್ಟರಲ್ಲಿ ಅವನು ಕೇಳಿದ,

"ಪೊರಕೆ ಹೋದ್ಮೇಲೆ ನೀವೇ ಕಟ್ಕೋತೀರಾ?"

ಬೆಂಚಲ್ಲಿ ಕಾಯ್ತಿದ್ದೋರೆಲ್ಲ ಗೊಳ್ಳಂತ ನಕ್ಕರು. 'ಓಹೋ, ಎಲ್ಲ ಸೇರಿ ನನ್ನ ತಮಾಷೆ ಮಾಡ್ತಿದಾರೆ!' ಅವಳ ಕಣ್ಣು ತುಂಬ್ತು.

"ಎದ್ದೋಗ್ರೀ ಆಚೆ!"

ಅರ್ಧ ನೊರೆಯಲ್ಲೇ ಹೋದ. ಮುಖ ಒರೆಸ್ಕೊಳ್ಳೋಕೆ ಹೋಗಿ ನೊರೆ ಕಣ್ಣಿಗೆ ಮೆತ್ಕೊಂತು. ಎದುರಿಗೆ ಬಂದ ಸ್ಕೂಟರ್ ಕಾಣಲಿಲ್ಲ...

ಆಸ್ಪತ್ರೇಲಿ ಅವನಿಗೆ ಪ್ರಜ್ಞೆ ಇಲ್ಲ. ದವಡೆ ಮುರಿದು ರಕ್ತ ಗಂಟಲಿಗಿಳೀತಿತ್ತು.

"ಮೀಸೆ ತೆಗೆದು ಈಗಲೇ ಆಪರೇಶನ್ ಮಾಡ್ಬೇಕು," ಅಂದ್ರು ಡಾಕ್ಟರಮ್ಮ.

ಅವನ ಅಕ್ಕ ಅಡ್ಡ ನಿಂತಳು. "ಪ್ರಾಣ ಹೋದ್ರೂ ಮೀಸೆ ಮುಟ್ಬೇಡಿ ಅಂತಿದ್ದ!"

"ಜೀವ ಉಳಿಸೋಕೆ ನಾವು ಯಾರ ಒಪ್ಪಿಗೆಗೂ ಕಾಯಲ್ಲಮ್ಮ. ಆದ್ರೆ ಅವರೇ ಬೇಡ ಅಂದಿದ್ರೆ... ನಿಜವಾಗಿ ಅವರ ಮನಸ್ಸಲ್ಲಿ ಏನಿತ್ತು?"

"ತೆಗೀರಿ ಅಂದಿದ್ರು!" ಸುದ್ದಿ ಕೇಳಿ ಓಡಿ ಬಂದಿದ್ದ ಹುಡುಗಿ ಮುಂದೆ ಬಂದಳು. "ಇವತ್ತೇ. ನನ್ನ ಕುರ್ಚಿಲಿ ಕೂತು."

"ಸುಳ್ಳು! ಯಾಕಂತೆ?"

"ನನ್ನ ಮದುವೆ ಆಗೋಕೆ... ನಾನೇ ಪೆದ್ದಿ ಅಕ್ಕಾ, ತಮಾಷೆ ಅನ್ಕೊಂಡೆ."

ಅಕ್ಕ ಒಂದು ಗಳಿಗೆ ತಮ್ಮನ ಮುಖ ನೋಡಿದಳು. ಮೀಸೆಯಲ್ಲಿ ಇನ್ನೂ ಒಣಗಿದ ನೊರೆ.

"ಹಂಗಾದ್ರೆ ನೀನೇ ತೆಗಿ ತಾಯಿ. ಬೇರೆಯವರು ಮುಟ್ಟಿದ್ರೆ ಎದ್ದು ಕೂತು ಜಗಳ ಆಡ್ತಾನೆ."

ಅಳುತ್ತಲೇ ತೆಗೆದಳು. ಒಂದು ಗೀರು ಬೀಳಲಿಲ್ಲ! ಬಿದ್ದ ಕೂದಲಲ್ಲಿ ಎರಡು ದಿಂಬು ತುಂಬಿಸಬಹುದಿತ್ತು, ಬಿಡಿ.

ಎಚ್ಚರವಾದಾಗ ದವಡೆಗೆ ತಂತಿ ಬಿಗಿದಿದ್ರು, ಮಾತಿಲ್ಲ. ಮೂಗಿನ ಕೆಳಗೆ ಮುಟ್ಟಿಕೊಂಡ. ಬೋಳು! ಅವಳನ್ನೇ ನೋಡಿದ.

"ನಾನೇ ತೆಗೆದೆ. ನಿಮ್ಮ ಪರವಾಗಿ ನಾನೇ ಹೂಂ ಅಂದೆ... ಆದ್ರೆ ಇನ್ನೊಂದು ಮಾತಿದೆ ಡ್ರೈವರ್ರೇ. ಅದಕ್ಕೆ ಮಾತ್ರ ನೀವೇ ಹೂಂ ಅನ್ಬೇಕು."

ಹುಬ್ಬು ಏರಿಸಿದ.

"ನನ್ನ ಕಟ್ಕೋತೀರಾ?"

ಅವಳ ಕೈ ಎಷ್ಟು ಗಟ್ಟಿಯಾಗಿ ಹಿಡಿದ ಅಂದ್ರೆ, ಮಂಚ ಕಿರ್ರಂತು!

"ಅಯ್ಯೋ, ಮೆಲ್ಲಗೆ! ಕತ್ತರಿ ಹಿಡಿಯೋ ಕೈ ರೀ ಇದು!"

ಬಿಡಲಿಲ್ಲ.

ಏನು, ನಂಬಿಕೆ ಬರ್ಲಿಲ್ವಾ? ಹಂಗಾದ್ರೆ ಕಣ್ಣು ಯಾಕೆ ಒದ್ದೆಯಾಯ್ತು? ಒರೆಸ್ಕೊಂಡು, ನನಗೊಂದು ಟೀ ಹೇಳಿ. ದೊಡ್ಡ ಲೋಟ!