ಕೊನೆಯ ತಿರುವಿನ ಅನುಮಾನ

"ಟರ್ಬೋ ಬೇಡ ಕಣ್ರೀ. ಮೊದ್ಲು ಟೈರ್ ಹಾಕ್ಸಿ, ಆಮೇಲೆ ಬ್ರೇಕು."

ಪಕ್ಕದ ಸೀಟಿನಿಂದ ನಾಗಾರ್ಜುನ ನನಗೆ ಹೇಳಿದ ಮೊದಲ ಮಾತು ಅದು. ಕೇಳದೇ ಸಲಹೆ ಕೊಡುವ ಗಂಡಸರನ್ನು ನಾನು ನಂಬುವುದಿಲ್ಲ. ಅದೂ ಎದುರಾಳಿ, ಅದೂ ಅಷ್ಟು ಚಂದದ ಕಣ್ಣಿನವನು! ನಮ್ಮಮ್ಮ ನನ್ನನ್ನು "ಅನುಮಾನದ ಪಿಶಾಚಿ ಕಣೇ ಶಿಲ್ಪಶ್ರೀ ನೀನು" ಅನ್ನುವುದು ಸುಮ್ಮನೆ ಅಲ್ಲ.

ಬೋಗಾದಿಯ ಮೃತ್ಯುಂಜಯಣ್ಣನ ಗೇಮಿಂಗ್ ಸೆಂಟರಿನಲ್ಲಿ ಭಾನುವಾರ ಸಂಜೆ ಸ್ಟಾರ್ಟರ್ ಕಾರುಗಳ ರೇಸು. ಗೇಮ್ ಶುರು ಮಾಡಿದಾಗ ಮೊದಲು ಸಿಗುತ್ತದಲ್ಲ, ಏರು ಕಂಡರೆ ಏದುಸಿರು ಬಿಡುವ ಪುಟ್ಟ ಕಾರು, ಅದು. ಒಂದೊಂದೇ ಪಾರ್ಟ್ ಹಾಕಿಸಿ ಅದನ್ನು ಚುರುಕು ಮಾಡಿಕೊಳ್ಳಬೇಕು. ಅಣ್ಣನ ರೂಲ್ ಒಂದೇ: ಗೆದ್ದವರು ಮತ್ತೆ ಭಾನುವಾರ ಆಡುವಂತಿಲ್ಲ, ಶನಿವಾರದ ದೊಡ್ಡ ಕಾರುಗಳ ಗುಂಪಿಗೆ ಬಡ್ತಿ. ಆಫೀಸಿನಲ್ಲಿ ಸಿಗದ ಬಡ್ತಿ ಇಲ್ಲಾದರೂ ಸಿಗಲಿ ಎಂಬ ಹಠ ನನ್ನದು.

ಅವನ ಮಾತು ಮೀರಿ, ವೇಗ ಹೆಚ್ಚಿಸುವ ಟರ್ಬೋ ಹಾಕಿಸಿದೆ. ಮೊದಲ ತಿರುವಿನಲ್ಲೇ ಕಾರು ಹೋಗಿ ಹುಲ್ಲಿನಲ್ಲಿ ಬಿತ್ತು. ಅವನು ನಗಲಿಲ್ಲ, ತುಟಿ ಕಚ್ಚಿಕೊಂಡ. ಅದಕ್ಕೆ ಇನ್ನಷ್ಟು ಉರಿಯಿತು. ಮುಂದಿನ ವಾರ ಅವನಿಗೆ ಕಾಣದ ಹಾಗೆ ಸ್ಕ್ರೀನಿಗೆ ಕೈ ಅಡ್ಡ ಇಟ್ಟುಕೊಂಡು ಟರ್ಬೋ ತೆಗೆದೆ. ಟೈರು, ಬ್ರೇಕು ಹಾಕಿಸಿದೆ. ಕಾರು ನಾನು ಹೇಳಿದ ಮಾತು ಕೇಳತೊಡಗಿತು.

"ಟೈರ್ ಹೆಂಗಿದೆ?" ಅಂದ, ಸ್ಕ್ರೀನಿನಿಂದ ಕಣ್ಣು ತೆಗೆಯದೆ.

"ಯಾವ ಟೈರು?"

ಅವನ ಕೆನ್ನೆಯಲ್ಲಿ ಗುಳಿ ಬಿತ್ತು. ನೋಡಬಾರದು ಅಂದುಕೊಂಡೇ ನೋಡಿದೆ.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ, ಕೊನೆಯ ತಿರುವಿನಲ್ಲಿ ನಾನು ಅವನ ಹಿಂದೆಯೇ ಇದ್ದೆ. ನಾನು ಎಡಕ್ಕೆ ಹೋದರೆ ಅವನೂ ಎಡಕ್ಕೆ ಬಂದು ಅಡ್ಡ ಹಾಕಿದ, ಬಲಕ್ಕೆ ಹೋದರೆ ಬಲಕ್ಕೆ. ನಮ್ಮಿಬ್ಬರ ಈ ಜಗ್ಗಾಟದಲ್ಲಿ ಹಿಂದಿದ್ದ ಇನ್ನೊಬ್ಬ ಆಟಗಾರ್ತಿ ಧನುಶ್ರೀ ನುಸುಳಿಕೊಂಡು ಗೆದ್ದುಬಿಟ್ಟಳು.

ನನಗೆ ತಲೆ ಕೆಟ್ಟುಹೋಯಿತು. ಮೃತ್ಯುಂಜಯಣ್ಣನನ್ನು ಕಾಡಿ ಹಳೆಯ ರೇಸುಗಳ ರೀಪ್ಲೇ ಹಾಕಿಸಿದೆ. ಆಕ್ಸಿಲರೇಟರ್ ಪೆಡಲ್ ಎಷ್ಟು ಒತ್ತಿದ್ದಾರೆ ಅನ್ನುವುದು ಅದರಲ್ಲಿ ಹಸಿರು ಪಟ್ಟಿಯಾಗಿ ಕಾಣುತ್ತದೆ. ನಾನು ಸೇರಿದಾಗಿನಿಂದ ಪ್ರತಿ ವಾರವೂ ನಾಗಾರ್ಜುನನೇ ಮುಂದೆ. ಕೊನೆಯ ತಿರುವು ದಾಟಿದ ಕೂಡಲೇ ಹಸಿರು ಪಟ್ಟಿ ಮಾಯ! ಬೇಕೆಂದೇ ಕಾಲು ತೆಗೆದು ಬೇರೆಯವರನ್ನು ಗೆಲ್ಲಿಸುತ್ತಿದ್ದ. ನನಗೆ ಮಾತ್ರ ಅಡ್ಡಗಾಲು.

ಮುಂದಿನ ಭಾನುವಾರ ರೇಸಿಗೆ ಮೊದಲು, ಹೊರಗೆ ಟೀ ಕುಡಿಯುತ್ತಿದ್ದವನನ್ನು ಹಿಡಿದೆ.

"ರೀ, ಟೈರ್ ಹೇಳ್ಕೊಟ್ಟೋರೂ ನೀವೇ, ಅಡ್ಡ ಬಂದೋರೂ ನೀವೇ. ಊರೋರ್ನೆಲ್ಲಾ ಗೆಲ್ಲುಸ್ತೀರ. ನನ್ನ ಕಂಡ್ರೆ ಏನ್ ದ್ವೇಷ?"

ಅವನ ಕಿವಿ ಕೆಂಪಾದವು. "ನಾನು ಗೆದ್ರೆ ನಂಗೆ ಭಾನುವಾರ ಇಲ್ಲ, ನೀವು ಗೆದ್ರೆ ನೀವು ಶನಿವಾರಕ್ಕೆ ಹೋಗ್ಬುಡ್ತೀರ. ಶನಿವಾರ ನಂಗೆ ಮಂಡಕಳ್ಳಿ ಏರ್‌ಪೋರ್ಟಲ್ಲಿ ಡ್ಯೂಟಿ. ಆಮೇಲೆ ನಿಮ್ಮನ್ನ ಎಲ್ಲಿ ನೋಡ್ಲಿ?"

"ಹಂಗಾದ್ರೆ ಟೈರ್ ಯಾಕ್ ಹೇಳ್ಕೊಟ್ರಿ?"

"ನಿಮ್ ಹತ್ರ ಮಾತಾಡಕ್ಕೆ ಬೇರೆ ಏನೂ ಹೊಳೀಲಿಲ್ಲ ಕಣ್ರೀ."

ಖುಷಿಯಾಯಿತು, ಕೋಪವೂ ಬಂತು. ಆದರೆ ಚಂದದ ಮಾತು ಕೇಳಿದ ತಕ್ಷಣ ನಂಬಿಬಿಟ್ಟರೆ ನಾನು ನಾನೇ ಅಲ್ಲ.

"ಇವತ್ತು ಅಡ್ಡ ಬರ್ಬೇಡಿ, ಕಾಲೂ ತೆಗೀಬೇಡಿ. ರೀಪ್ಲೇ ನೋಡೇ ನಾನು ನಂಬೋದು." ಅವನು ಆಯ್ತೆಂದು ತಲೆಯಾಡಿಸಿದ.

ಕೊನೆಯ ತಿರುವಿಗೆ ಅವನು ಮುಂದಿದ್ದ. ಒಳಗಡೆ ದಾರಿ ತೆರೆದೇ ಇತ್ತು. ಅವನೇ ಹೇಳಿಕೊಟ್ಟ ಬ್ರೇಕನ್ನು ಅವನಿಗಿಂತ ತಡವಾಗಿ ಒತ್ತಿ ಒಳಗೆ ನುಗ್ಗಿದೆ. ಗೆರೆ ದಾಟುವಾಗ ನನ್ನ ಕಾರಿನ ಮೂತಿ ಮುಂದಿತ್ತು.

"ಶನಿವಾರ ಬಂದ್ಬುಡಮ್ಮ!" ಅಂತ ಮೃತ್ಯುಂಜಯಣ್ಣ ಚಪ್ಪಾಳೆ ತಟ್ಟಿದ. ನಾಗಾರ್ಜುನ ನಗಲು ನೋಡಿದ, ಆಗಲಿಲ್ಲ.

ನಾನು ರೀಪ್ಲೇ ಹಾಕಿದೆ. ತಿರುವಿನಿಂದ ಗೆರೆಯವರೆಗೂ ಅವನ ಹಸಿರು ಪಟ್ಟಿ ತುಂಬಿಕೊಂಡೇ ಇತ್ತು. ನಮ್ಮಿಬ್ಬರಲ್ಲಿ ಯಾರು ಗೆದ್ದರೂ ಇನ್ನು ನಾನು ಸಿಗುವುದಿಲ್ಲ ಅಂದುಕೊಂಡೇ ಅವನು ಮಾತು ಉಳಿಸಿಕೊಂಡಿದ್ದ. ನನ್ನ ಗೆಲುವು ನನ್ನದೇ ಆಗಿತ್ತು.

"ನಾಗಾರ್ಜುನ ಅವ್ರೇ, ರೇಸ್ ಶನಿವಾರಕ್ಕೆ ಹೋದ್ರೆ ನಂಗಿನ್ನು ಭಾನುವಾರ ಪೂರ್ತಿ ಖಾಲಿ. ಇದು ನಿಮ್ಗೆ ಹೊಳೀಲೇ ಇಲ್ವಾ?"

ಅವನು ನನ್ನನ್ನೇ ನೋಡಿದ. ಈ ಸಲ ಅನುಮಾನ ಅವನ ಕಣ್ಣಲ್ಲಿತ್ತು.

"ತಮಾಷೆ ಮಾಡ್ತಿಲ್ಲ ತಾನೇ?"

"ಬೇಕಾದ್ರೆ ಇನ್ನೊಂದ್ಸಲ ಹೇಳ್ತೀನಿ, ಸರಿಯಾಗಿ ನೋಡ್ಕೊಳ್ಳಿ," ಎಂದು ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿಕೊಂಡೆ.