ಹದಿನೇಳನೆಯ ಟ್ಯೂಬು

"ಯಾರ್ ಬೇಕಾಗಿತ್ತವ್ವ?"

ಅಟೆಂಡರ್ ಬೆಟ್ಟಯ್ಯ ಕೇಳಿದಾಗ ಭಾನು ಅವನ ಹೆಗಲಾಚೆ ನೋಡುತ್ತಿದ್ದಳು. ಅವನ ಹಿಂದೆ, ಚಾಮರಾಜನಗರದ ಆ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ, ಬಾಟಲಿಗೆ ಫಾರ್ಮಲಿನ್ ತುಂಬುತ್ತಿದ್ದವನು ತಿರುಗಿ ನೋಡಿದ್ದ.

ಸಿದ್ದಾರ್ಥ...

ಮೂರು ವರ್ಷದಲ್ಲಿ ಎಷ್ಟು ಇಳಿದುಹೋಗಿದ್ದಾನೆ. ಅವಳನ್ನು ನೋಡುತ್ತಲೇ ಸುರಿದ ಫಾರ್ಮಲಿನ್ ಬಾಟಲಿ ತುಂಬಿ ಮೇಜಿನ ಮೇಲೆಲ್ಲ ಚೆಲ್ಲಿತು.

"ನೀವ್ಯಾಕೆ ಬಂದ್ರಿ?"

"ಒಂದ್ ಹತ್ನಿಮಿಷ ಮಾತಾಡ್ಬೇಕು ಸಿದ್ದಾರ್ಥ."

"ಪ್ರಾಕ್ಟಿಕಲ್ ಇದೆ. ಮುಗಿಯೋಷ್ಟ್ರಲ್ಲಿ ಮೂರು ಗಂಟೆ ಆಗುತ್ತೆ."

"ಕಾಯ್ತೀನಿ."

ಹೊರಗಿನ ಬೆಂಚಿನ ಮೇಲೆ ಕುಳಿತವಳಿಗೆ ಕೊಚ್ಚಿಯ ದಿನಗಳು ನೆನಪಾದವು. ಹಂಗಳದ ಭಾನು, ಕುದೇರಿನ ಸಿದ್ದಾರ್ಥ. ಸಮುದ್ರವನ್ನೇ ಕಾಣದ ಸೀಮೆಯಿಂದ ಹೋದ ಇಬ್ಬರೂ ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ, ಹವಳದ ದಿಬ್ಬಗಳ ಮೀನುಗಳಲ್ಲಿ ಯಾವುದಕ್ಕೆ ಯಾವುದು ಹತ್ತಿರದ ಬಂಧು ಎಂದು ಹುಡುಕುತ್ತಿದ್ದರು.

ಸಿದ್ದಾರ್ಥ ಲಕ್ಷದ್ವೀಪದಿಂದ ಚಿಟ್ಟೆಮೀನುಗಳನ್ನು ತಂದು, ಹಲ್ಲು, ಮೂಳೆ ನೋಡಿ ಬರೆಯುತ್ತಿದ್ದ. ಎರಡು ಜಾತಿಗಳು ಒಂದೇ ಮೂಲದಿಂದ ಕವಲೊಡೆದವು ಎನ್ನುವುದೇ ಅವನ ನಾಲ್ಕು ವರ್ಷದ ಪ್ರಬಂಧದ ಜೀವ. ಅದೇ ಮೀನುಗಳ ಡಿಎನ್ಎ ತೆಗೆದು ಹೋಲಿಸುವುದು ಭಾನುವಿನ ಕೆಲಸ. ರಜೆ ಬಂದರೆ ಕಲ್ಲಿಕೋಟೆಯ ಬಸ್ಸಿನಲ್ಲಿ ಗುಂಡ್ಲುಪೇಟೆಯವರೆಗೂ ಒಟ್ಟಿಗೇ ಬರುತ್ತಿದ್ದರು. ಅಲ್ಲಿ ಇಳಿದ ಮೇಲೂ ಅವಳ ಬಸ್ಸು ಹೊರಡುವ ತನಕ ಅವನು ನಿಂತಿರುತ್ತಿದ್ದ.

ಒಂದು ದಿನ ಭಾನುವಿನ ಫಲಿತಾಂಶ ಬೇರೆಯದೇ ಹೇಳಿತು. ಆ ಎರಡೂ ಮೀನು ಬಲು ದೂರದವು.

ಅವಳು ಅದನ್ನು ನೇರ ತಮ್ಮಿಬ್ಬರ ಗೈಡಿಗೆ ಕೊಟ್ಟಳು. ಹತ್ತು ಜನರೆದುರು ಗೈಡ್ ಆ ಹಾಳೆ ಹಿಡಿದು, "ನಾಲ್ಕು ವರ್ಷ ಏನು ನೋಡಿದ್ರಿ?" ಎಂದು ಸಿದ್ದಾರ್ಥನನ್ನು ಕೇಳಿದರು. ಅವನು ಭಾನುವಿನ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು.

ಮರುದಿನ ಅವನ ಕೋಣೆ ಖಾಲಿ. ಅವಳು ಬರೆದ ಕಾಗದಗಳಿಗೆ ಉತ್ತರವೇ ಬರಲಿಲ್ಲ.

ಮೂರು ಗಂಟೆಗೆ ಅವನು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ.

"ನೀನು ಬರೆದಿದ್ದೇ ಸರಿ," ಎಂದಳು ಭಾನು. "ಆ ಎರಡೂ ಅಕ್ಕತಂಗೀರೇ. ಹದಿನೇಳನೇ ಟ್ಯೂಬಿಗೆ ಬೇರೆ ಮೀನಿನ ಡಿಎನ್ಎ ಸೇರ್ಬುಟ್ಟಿತ್ತು. ನನ್ನ ಕೈಯಿಂದ್ಲೇ ಆಗಿದ್ದು. ಹೊಸ ಮೀನು ತರಿಸಿ ಮೂರ್ಸಲ ಮಾಡ್ದೆ."

ಅವನು ಲ್ಯಾಬ್ ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡ.

"ನನ್ನ ಪ್ರಬಂಧ ವಾಪಸ್ ತಗೊಂಡಿದ್ದೀನಿ. ಡಾಕ್ಟರೇಟೂ ಹೋಗುತ್ತೆ. ಹೋಗ್ಲಿ..."

"ಅವ್ವ ತೀರ್ಕೊಂಡು ಒಂದೂವರೆ ವರ್ಷ ಆಯ್ತು ಭಾನು."

ಅವಳು ಥಟ್ಟನೆ ಅವನತ್ತ ತಿರುಗಿದಳು. ಸುಂದ್ರಮ್ಮ... ಮಗನ ಕೈಯಲ್ಲಿ ಭಾನುವಿಗೂ ಒಂದು ಪಾಲು ರಾಗಿ ಹುರಿಹಿಟ್ಟು ಕಳಿಸುತ್ತಿದ್ದ ತಾಯಿ.

"ತಪ್ಪು ಬರ್ದು ಓಡ್ಬಂದ ಅಂತ ಊರೋರು ಆಡ್ಕೊಂಡ್ರು. 'ನನ್ ಮಗ ಸುಳ್ ಬರ್ಯೋನಲ್ಲ ಕಣ್ರಪ್ಪ' ಅಂತ ಒಬ್ಬೊಬ್ಬರ ಹತ್ರಾನೂ ವಾದ ಮಾಡ್ತಿದ್ಲು. ನನಗೇ ನನ್ನ ಮೇಲೆ ನಂಬ್ಕೆ ಇರ್ಲಿಲ್ಲ. ಅವಳಿಗಿತ್ತು."

ಭಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಲೆಕ್ಕ ಯಾರ್ದಾದ್ರೂ ತಪ್ಪುತ್ತೆ," ಎಂದ ಅವನು ಮೆಲ್ಲಗೆ. "ಅದಕ್ಕಲ್ಲ ನಾನು ಬಿಟ್ಬಂದಿದ್ದು. ಮೊದ್ಲು ನನಗೆ ಹೇಳ್ಬೋದಿತ್ತಲ್ಲ... ಒಂದೇ ಒಂದ್ಸಲ."

"ಭಯ ಆಯ್ತು. ಹೇಳಿದ್ರೆ ನೀನು ದೂರ ಆಗ್ತೀಯ ಅಂತ. ಹೇಳ್ದೆ ನಾನೇ ದೂರ ಮಾಡ್ಕೊಂಡೆ. ನಿನ್ನ ಬಿಟ್ಟು ಒಂದಿನಾನೂ ನೆಮ್ಮದಿಯಾಗಿರ್ಲಿಲ್ಲ ಸಿದ್ದಾರ್ಥ..."

ಅವನು ಎದ್ದ.

"ಕುದೇರಿಗೆ ಬರ್ತೀಯ? ನನಗೆ ಹೇಳಿದ್ದನ್ನ ಅವ್ವನಿಗೂ ಹೇಳು."

ಹೊಲದ ಬದುವಿನ ಬಳಿ ಸುಂದ್ರಮ್ಮನ ಸಮಾಧಿ. ಸುತ್ತ ಸೂರ್ಯಕಾಂತಿ ಬೆಳೆ ಕೊಯ್ಲಿಗೆ ಬಂದು ತಲೆ ಬಾಗಿಸಿ ನಿಂತಿತ್ತು. ಭಾನು ಮಣ್ಣಿಗೆ ಹಣೆ ಹಚ್ಚಿದಳು.

"ಅವ್ವ, ನಿಮ್ಮ ಮಗ ಬರೆದಿದ್ದು ಸರಿಯಾಗೇ ಇತ್ತು. ತಪ್ಪು ನಂದು."

ಹಿಂದಿನಿಂದ ಬಿಕ್ಕಳಿಕೆ ಕೇಳಿಸಿತು. ತಾಯಿ ಸತ್ತ ದಿನವೂ ಅಳದಿದ್ದ ಸಿದ್ದಾರ್ಥ ಮಗುವಿನಂತೆ ಅಳುತ್ತಿದ್ದ. ಅವಳು ಹೋಗಿ ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ನಿನ್ನ ಮೇಲೆ ಕೋಪ ಇನ್ನೂ ಹೋಗಿಲ್ಲ," ಎಂದ.

"ಗೊತ್ತು."

"ಆದ್ರೂ ನಾಳೆ ಬಾ."

"ನಾಳೆ ಅಷ್ಟೇನಾ?"

"ನಾಡಿದ್ದೂ ಬಾ. ಕೋಪ ಹೋಗೋವರ್ಗೂ ಬಾ."

"ಹೋದ್ಮೇಲೆ?"

ಅವನು ತೋಳಿನಲ್ಲಿ ಕಣ್ಣೊರೆಸಿಕೊಂಡ.

"ಹೋದ್ಮೇಲೆ ಇಲ್ಲೇ ಇದ್ಬುಡು."